ಕ್ಲೀವ್ ಅಂದರೆ ಸೀಳುವುದಾ, ಅಂಟುವುದಾ? ಅಪರೂಪದ ಇಂಗ್ಲಿಷ್ ಕ್ರಿಯಾಪದಕ್ಕೆ ಯಾವ ಡಿಕ್ಷನರಿ ತೆಗೆಯಬೇಕು

ಇಂಗ್ಲಿಷಿನಲ್ಲಿ ಕ್ಲೀವ್ (cleave) ಅಂತ ಒಂದು ಕ್ರಿಯಾಪದ ಇದೆ. ಸೀಳು ಅನ್ನುವುದು ಅದರ ಅರ್ಥ. ಅಂಟಿಕೊಳ್ಳು ಅನ್ನುವುದೂ ಅದರ ಅರ್ಥವೇ. ಎರಡೂ ಸರಿ. ಆಫೀಸಿನ ಇಂಗ್ಲಿಷಿನಲ್ಲಿ ಈ ಪದ ಕಿವಿಗೆ ಬೀಳುವುದು ಕಮ್ಮಿ. ಆದರೆ ಬಯೋಟೆಕ್ ಓದುವವರ ಪಠ್ಯದಲ್ಲಿ ಬೇಕಾದಷ್ಟು ಸಿಗುತ್ತದೆ, ಹಳೆಯ ಇಂಗ್ಲಿಷ್ ಬೈಬಲಿನಲ್ಲಿ ಸಿಗುತ್ತದೆ, ವಜ್ರದ ಬಗ್ಗೆ ಬರೆದ ಕಡೆ ಸಿಗುತ್ತದೆ, ಇನ್ನು ಫೈಬರ್ ಇಂಟರ್ನೆಟ್ ಹಾಕಲು ಬರುವ ಹುಡುಗರ ಚೀಲದಲ್ಲಂತೂ ಕ್ಲೀವರ್ ಅನ್ನುವ ಪುಟ್ಟ ಸಾಧನವೇ ಇರುತ್ತದೆ.

ಡಿಕ್ಷನರಿಗಳನ್ನು ಪರೀಕ್ಷೆ ಮಾಡಲು ಇಂಥ ಪದವೇ ಬೇಕು. ರನ್, ಗೋ, ಮೇಕ್ ಇಂಥವನ್ನು ಯಾವ ಡಿಕ್ಷನರಿಯಾದರೂ ಚೆನ್ನಾಗಿಯೇ ಹೇಳುತ್ತದೆ. ಅಪರೂಪದ ಕ್ರಿಯಾಪದ ಬಂದಾಗಲೇ ಒಂದೊಂದರ ಬಣ್ಣ ಬಯಲಾಗುವುದು. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಜನ ಎಡವುವುದು ಕೆಟ್ಟ ಡಿಕ್ಷನರಿ ತೆಗೆದಿದ್ದರಿಂದ ಅಲ್ಲ. ಒಳ್ಳೆಯದನ್ನೇ ತೆಗೆದು, ಅದರಲ್ಲಿ ಒಂದನೇ ನಂಬರಿನಲ್ಲಿ ಕೊಟ್ಟ ಅರ್ಥವೇ ಮುಖ್ಯ ಅರ್ಥ ಅಂದುಕೊಂಡು ಮುಚ್ಚಿಡುತ್ತಾರಲ್ಲ, ಅದರಿಂದ. ಆ ಒಂದನೇ ನಂಬರಿಗೆ ಒಂದೊಂದು ಡಿಕ್ಷನರಿಯಲ್ಲಿ ಒಂದೊಂದು ಕಾರಣ ಇರುತ್ತದೆ.

ಮೊದಲು ಪದದ ಕಥೆ

ಇದು ಎರಡು ಅರ್ಥ ಇರುವ ಒಂದು ಪದ ಅಲ್ಲ. ಎರಡು ಬೇರೆ ಬೇರೆ ಕ್ರಿಯಾಪದಗಳು ಕಾಲಾಂತರದಲ್ಲಿ ಒಂದೇ ವೇಷ ಹಾಕಿಕೊಂಡಿವೆ. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಸೀಳುವುದಕ್ಕೆ ಕ್ಲೇಓಫನ್ ಅಂತ ಇತ್ತು, ಅಂಟುವುದಕ್ಕೆ ಕ್ಲಿಫಿಯನ್ ಅಂತ ಇತ್ತು. ಎರಡನೆಯದನ್ನು ಆಗಲೇ ಕೆಲವರು ಕ್ಲೆಓಫಿಯನ್ ಅಂತಲೂ ಬರೆಯುತ್ತಿದ್ದರು, ಅಂದರೆ ಗೊಂದಲದ ಬೀಜ ಅಲ್ಲೇ ಇತ್ತು. ಮುಂದಿನ ಶತಮಾನಗಳಲ್ಲಿ ಕೊನೆಯ ಪ್ರತ್ಯಯಗಳು ಸವೆದವು, ಸ್ವರಗಳು ಬದಲಾದವು, ಉಳಿದಿದ್ದು ಎರಡಕ್ಕೂ ಒಂದೇ ಉಚ್ಚಾರ, ಒಂದೇ ಕಾಗುಣಿತ.

ಪಕ್ಕದ ಭಾಷೆಗಳಲ್ಲಿ ಹೀಗೆ ಆಗಲಿಲ್ಲ. ಡಚ್ಚರಿಗೆ ಇವತ್ತಿಗೂ ಕ್ಲೀವನ್ ಅಂದರೆ ಸೀಳು, ಕ್ಲೇವನ್ ಅಂದರೆ ಅಂಟು. ಒಂದು ಸ್ವರದ ವ್ಯತ್ಯಾಸ ಉಳಿದುಕೊಂಡಿದ್ದಕ್ಕೆ ಗೊಂದಲವೇ ಇಲ್ಲ. ಜರ್ಮನ್ನಿನಲ್ಲಿ ಕ್ಲೇಬನ್ ಅಂದರೆ ಅಂಟು, ದಿನಬಳಕೆಯ ಪದ. ಸೀಳು ಅನ್ನುವ ಕ್ಲೀಬನ್ ದಕ್ಷಿಣ ಜರ್ಮನಿ, ಆಸ್ಟ್ರಿಯಾ ಕಡೆಯ ಆಡುಮಾತಿನಲ್ಲಿ ಮಾತ್ರ ಉಳಿದಿದೆ.

ಕನ್ನಡದವರಿಗೆ ಇದು ಹೊಸದೇನಲ್ಲ. ಹಳಗನ್ನಡದಲ್ಲಿ ಅಱಿ ಅಂದರೆ ತಿಳಿ, ಅರಿ ಅಂದರೆ ಕತ್ತರಿಸು. ಱ ಮತ್ತು ರ ಬೇರೆ ಬೇರೆ ಅಕ್ಷರ, ಬೇರೆ ಬೇರೆ ಉಚ್ಚಾರ. ಱ ಬಿದ್ದುಹೋದ ಮೇಲೆ ಎರಡೂ ಅರಿ ಆದವು. ಇದರ ಜೊತೆಗೆ ಸಂಸ್ಕೃತದಿಂದ ಬಂದ ಅರಿ ಬೇರೆ, ಅದು ಶತ್ರು. ಹಳಗನ್ನಡ ಓದುವಾಗ ಯಾವ ಅರಿ ಅಂತ ಗೊತ್ತಾಗದೆ ಒದ್ದಾಡಿದವರಿಗೆ ಕ್ಲೀವ್ ಓದುವ ಇಂಗ್ಲಿಷಿನವರ ಪಾಡು ಸುಲಭವಾಗಿ ಅರ್ಥ ಆಗುತ್ತದೆ.

ಎರಡರ ಸಂಬಂಧಿಕರನ್ನು ನೋಡಿದರೆ ವ್ಯತ್ಯಾಸ ಇನ್ನೂ ಚೆನ್ನಾಗಿ ಕಾಣುತ್ತದೆ. ಸೀಳುವ ಕ್ಲೀವ್‌ನ ಬುಡ ಹಿಡಿದು ಹಿಂದಕ್ಕೆ ಹೋದರೆ ಗ್ರೀಕಿನ ಕೆತ್ತು ಅನ್ನುವ ಪದ ಅದರ ನೆಂಟ ಅಂತ ಗೊತ್ತಾಗುತ್ತದೆ. ಹೈರೋಗ್ಲಿಫ್‌ನಲ್ಲಿರುವ ಗ್ಲಿಫ್ ಅದೇ. ಅಂಟುವ ಕ್ಲೀವ್‌ನ ಕಡೆಯವರು ಜೇಡಿಮಣ್ಣಿನ ಕ್ಲೇ, ಅಂಟಿನ ಗ್ಲೂ. ಒಂದು ಮನೆಯಲ್ಲಿ ಉಳಿ, ಇನ್ನೊಂದು ಮನೆಯಲ್ಲಿ ಗೋಂದು.

ಕ್ಲೋವ್ ಪದದ ಕಥೆಯನ್ನೂ ಇಲ್ಲೇ ಹೇಳಿಬಿಡಬೇಕು. ಬೆಳ್ಳುಳ್ಳಿ ಎಸಳಿಗೂ ಇಂಗ್ಲಿಷಿನಲ್ಲಿ ಕ್ಲೋವ್, ಲವಂಗಕ್ಕೂ ಕ್ಲೋವ್. ಬೆಳ್ಳುಳ್ಳಿಯದ್ದು ಸೀಳುವ ಕ್ಲೀವ್‌ನ ನೆಂಟ, ಗಡ್ಡೆ ಸೀಳಿದಂತೆ ಎಸಳು ಎಸಳಾಗಿ ಇರುತ್ತದಲ್ಲ. ಲವಂಗದ್ದು ಫ್ರೆಂಚಿನ ಕ್ಲೂ, ಅಂದರೆ ಮೊಳೆ. ಲವಂಗ ನೋಡಲು ಪುಟ್ಟ ಮೊಳೆ ತರವೇ ಇದೆ. ಒಂದಕ್ಕೊಂದು ಸಂಬಂಧವೇ ಇಲ್ಲ. ಹೀಗಾಗಿ ವಿದೇಶಿ ಅಡುಗೆ ಬರಹದಲ್ಲಿ ನಾಲ್ಕು ಕ್ಲೋವ್ ಅಂತ ಬರೀ ಅಷ್ಟೇ ಇದ್ದರೆ, ಹಾಕುವ ಮುಂಚೆ ಸ್ವಲ್ಪ ಯೋಚನೆ ಮಾಡಿ.

ಈ ಗೊಂದಲ ಎಷ್ಟು ಹಳೆಯದು ಅನ್ನುವುದಕ್ಕೆ 1611ರ ಕಿಂಗ್ ಜೇಮ್ಸ್ ಬೈಬಲ್ ನೋಡಬೇಕು. ಆದಿಕಾಂಡದ 2ನೇ ಅಧ್ಯಾಯ 24ನೇ ವಚನದಲ್ಲಿ ಗಂಡಸು ತಂದೆತಾಯಿಯನ್ನು ಬಿಟ್ಟು ಹೆಂಡತಿಗೆ ಕ್ಲೀವ್ ಆಗುತ್ತಾನೆ, ಅಂದರೆ ಅವಳನ್ನು ಸೇರಿಕೊಳ್ಳುತ್ತಾನೆ. ಅದೇ ಆದಿಕಾಂಡದ 22ನೇ ಅಧ್ಯಾಯದ 3ನೇ ವಚನದಲ್ಲಿ ಅಬ್ರಹಾಮ ಯಜ್ಞಕ್ಕೆ ಕಟ್ಟಿಗೆ ಸೀಳುತ್ತಾನೆ, ಅಲ್ಲಿರುವುದು ಕ್ಲೇವ್ ಅನ್ನುವ ಹಳೆಯ ಭೂತಕಾಲದ ರೂಪ. ಒಂದೇ ಪುಸ್ತಕ, ಇಪ್ಪತ್ತು ಅಧ್ಯಾಯದ ಅಂತರ, ಅರ್ಥ ಮಾತ್ರ ಉಲ್ಟಾ.

ಭೂತಕಾಲದ ರೂಪಗಳ ರಗಳೆ ಬೇರೆ. ಕ್ಲೀವ್ಡ್, ಕ್ಲೋವ್, ಕ್ಲೇವ್, ಕ್ಲೆಫ್ಟ್, ಕ್ಲೋವನ್ ಎಲ್ಲವೂ ಇವೆ. ಮೊದಮೊದಲು ಎರಡು ಪದಗಳ ರೂಪಗಳೂ ಬೇರೆ ಬೇರೆ ಇದ್ದವು, ಆಮೇಲೆ ಒಂದರದ್ದನ್ನು ಇನ್ನೊಂದು ಎರವಲು ಪಡೆಯಿತು. ಈ ಗೋಜಲಿನಿಂದಲೇ ಜನ ಬೇಸತ್ತು ಮಾತಿನಲ್ಲಿ ಸ್ಪ್ಲಿಟ್, ಸ್ಟಿಕ್ ಅನ್ನುವ ಸುಲಭದ ಪದಗಳಿಗೆ ಹೋಗಿರಬಹುದು ಅನ್ನುವ ಊಹೆಯೂ ಇದೆ. ನನಗೂ ಹಾಗೇ ಅನ್ನಿಸುತ್ತದೆ.

ಆದರೂ ಸೀಳುವ ಕ್ಲೀವ್ ಸತ್ತಿಲ್ಲ. ಅದಕ್ಕೆ ತನ್ನದೇ ಒಂದು ಛಾಯೆ ಇದೆ. ಸುಮ್ನೆ ಕತ್ತರಿಸುವುದು ಅಲ್ಲ, ಎಳೆ ಹಿಡಿದು, ವಸ್ತು ತಾನಾಗಿ ಬಿಟ್ಟುಕೊಡುವ ಜಾಗದಲ್ಲಿ ಹೊಡೆದು ಬೇರೆ ಮಾಡುವುದು. ಗರಗಸದಲ್ಲಿ ಕೊಯ್ದರೆ ಅದು ಕ್ಲೀವ್ ಅಲ್ಲ, ಕೊಡಲಿಯಲ್ಲಿ ಸೌದೆ ಸೀಳಿದರೆ ಕ್ಲೀವ್. 1905ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಸಿಕ್ಕ ಕಲ್ಲಿನನ್ ವಜ್ರ 3,106 ಕ್ಯಾರೆಟ್ ತೂಗುತ್ತಿತ್ತು. 1908ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಜೋಸೆಫ್ ಆಷರ್ ಅದನ್ನು ಒಡೆದಿದ್ದು ಇದೇ ರೀತಿ, ಗೀಟು ಮಾಡಿ, ಅದರಲ್ಲಿ ಉಕ್ಕಿನ ಅಲಗು ಇಟ್ಟು, ಮೇಲಿಂದ ಒಂದು ಏಟು. ಮೊದಲ ಏಟಿಗೆ ಅಲಗೇ ಮುರಿಯಿತು, ವಜ್ರಕ್ಕೆ ಏನೂ ಆಗಲಿಲ್ಲ. ಆಮೇಲಿನ ಪ್ರಯತ್ನದಲ್ಲಿ ಸೀಳಿತು.

ಫೈಬರ್ ಕೆಲಸದವರದ್ದೂ ಅದೇ ತತ್ವ, ಅಳತೆ ಮಾತ್ರ ಚಿಕ್ಕದು. ಮೇಲಿನ ಪ್ಲಾಸ್ಟಿಕ್ ಪದರ ಸುಲಿದು, ಸ್ಪಿರಿಟ್ಟಿನಲ್ಲಿ ಒರೆಸಿ, 125 ಮೈಕ್ರಾನ್ ದಪ್ಪದ ಗಾಜಿನ ಎಳೆಯನ್ನು ಕ್ಲೀವರ್‌ನಲ್ಲಿ ಇಡುತ್ತಾರೆ. ಅಲಗು ಎಳೆಯನ್ನು ಕತ್ತರಿಸುವುದಿಲ್ಲ, ಮೇಲೆ ಒಂದು ಗೀರು ಹಾಕುತ್ತದೆ ಅಷ್ಟೇ. ಆಮೇಲೆ ಎಳೆ ಬಾಗಿ, ಗೀರಿದ ಕಡೆಯಿಂದ ಟಕ್ ಅಂತ ಮುರಿಯುತ್ತದೆ, ತುದಿ ಕನ್ನಡಿ ತರ ಸಪಾಟು. ಹೀಗೆ ಮುರಿದರೆ ಮಾತ್ರ ಸ್ಪ್ಲೈಸಿಂಗ್ ಮೆಷಿನ್ನಿನಲ್ಲಿ ಎರಡು ತುದಿ ಚೆನ್ನಾಗಿ ಬೆಸೆದುಕೊಳ್ಳುತ್ತವೆ. ಅಂಟಿಸುವುದಕ್ಕೋಸ್ಕರ ಸೀಳುವ ಈ ಕೆಲಸಕ್ಕೆ ಇದೇ ಪದ ಬಂದು ಕೂತಿರುವುದು ಆಕಸ್ಮಿಕ, ಆದರೂ ಮಜಾ ಇದೆ ಅಲ್ವಾ?

ಫೋನಿನಲ್ಲಿ ಥಟ್ಟಂತ ಬರುವ ಉತ್ತರ

ಹೆಚ್ಚಿನವರು ಮಾಡುವುದು ಇದನ್ನೇ. ಗೂಗಲ್‌ನಲ್ಲಿ ಪದ ಹಾಕಿ ಅರ್ಥ ಅಂತ ಹುಡುಕಿದರೆ ಮೇಲೆ ಒಂದು ಚೌಕದಲ್ಲಿ ಅರ್ಥ ಬರುತ್ತದೆ. ಇಂಗ್ಲಿಷ್ ಅರ್ಥ ಆಕ್ಸ್‌ಫರ್ಡ್ ಲ್ಯಾಂಗ್ವೇಜಸ್ ಕೊಟ್ಟಿದ್ದು, ನಂಬಬಹುದು. ಇವರ ಪದ್ಧತಿ ಏನೆಂದರೆ ಇವತ್ತಿನ ಬಳಕೆಯಲ್ಲಿ ಮುಖ್ಯವಾದ ಅರ್ಥ ಮೊದಲು. ಆದ್ದರಿಂದ ಸೀಳು ಮೇಲಿರುತ್ತದೆ, ಅಂಟು ಬೇರೆ ನಮೂದಾಗಿ ಕೆಳಗೆ ಹೋಗುತ್ತದೆ. ಪೇಪರ್ ಓದುತ್ತಾ ಅರ್ಥ ತಿಳಿದುಕೊಂಡು ಮುಂದೆ ಹೋಗಬೇಕು ಅನ್ನುವವರಿಗೆ ಇಷ್ಟು ಸಾಕು. ಆದರೆ ಫೋನಿನ ಸ್ಕ್ರೀನಿನಲ್ಲಿ ಎರಡನೇ ನಮೂದು ಕಾಣಬೇಕಾದರೆ ಕೆಳಗೆ ಸರಿಸಬೇಕು. ಬೈಬಲ್ ವಚನ ಓದುತ್ತಿರುವವರು ಮೇಲಿನದ್ದನ್ನೇ ಹಿಡಿದುಕೊಂಡರೆ ಮದುವೆಯ ಮಾತು ವಿಚ್ಛೇದನದ ಮಾತಾಗಿಬಿಡುತ್ತದೆ.

ಚಾಟ್‌ಬಾಟ್ ಕೇಳುವವರೂ ಈಗ ಜಾಸ್ತಿ. ವಾಕ್ಯ ಪೂರ್ತಿ ಕೊಟ್ಟು ಇಲ್ಲಿ ಯಾವ ಅರ್ಥ ಅಂತ ಕೇಳಿದರೆ ಚೆನ್ನಾಗಿ ಹೇಳುತ್ತವೆ, ಅದಕ್ಕೆ ಬಳಸಿ. ಪದದ ಮೂಲ ಮಾತ್ರ ಅವುಗಳ ಮಾತಿನ ಮೇಲೆ ಬಿಡಬೇಡಿ. ಇಸವಿ, ಹಳೆಯ ರೂಪ, ಮೊದಲ ಬಳಕೆ ಎಲ್ಲವನ್ನೂ ಕಣ್ಣಿಗೆ ಕಟ್ಟುವ ಹಾಗೆ ಹೇಳುತ್ತವೆ, ಕೆಲವು ಸಲ ಅದು ಹುಟ್ಟಿಸಿಕೊಂಡಿದ್ದು ಇರುತ್ತದೆ. ಹೇಳುವ ಧಾಟಿಯಲ್ಲಿ ಯಾವುದು ನಿಜ, ಯಾವುದು ಸುಳ್ಳು ಅಂತ ಗೊತ್ತೇ ಆಗುವುದಿಲ್ಲ.

ಮೆರಿಯಮ್-ವೆಬ್‌ಸ್ಟರ್ ತೆಗೆದರೆ ಎಲ್ಲ ಉಲ್ಟಾ

ಅಮೆರಿಕದ ಮೆರಿಯಮ್-ವೆಬ್‌ಸ್ಟರ್ ಕಂಪನಿಯ ಮೂಲ ನೋಆ ವೆಬ್‌ಸ್ಟರ್ 1828ರಲ್ಲಿ ತಂದ ಡಿಕ್ಷನರಿ. ಇವರ ವೆಬ್‌ಸೈಟ್ ಉಚಿತ, ಜಾಹೀರಾತು ಸಹಿಸಿಕೊಳ್ಳಬೇಕು. ಇವರ ಕಾಲೇಜಿಯೇಟ್ ಡಿಕ್ಷನರಿಯಲ್ಲಿ ಕ್ಲೀವ್ ತೆಗೆದರೆ ಮೊದಲು ಬರುವುದು ಅಂಟಿಕೊಳ್ಳು! ಸೀಳು ಎರಡನೇ ನಮೂದು. ಆಕ್ಸ್‌ಫರ್ಡಿಗೆ ಪೂರ್ತಿ ವಿರುದ್ಧ. ಹಾಗಾದರೆ ಯಾರು ಸರಿ? ಇಬ್ಬರೂ ಸರಿ. ಮೆರಿಯಮ್-ವೆಬ್‌ಸ್ಟರಿನವರು ಒಂದು ಪದದ ಅರ್ಥಗಳನ್ನು ಜೋಡಿಸುವುದು ವಯಸ್ಸಿನ ಮೇಲೆ, ಇಂಗ್ಲಿಷಿಗೆ ಮೊದಲು ಬಂದದ್ದು ಮೊದಲು. ಯಾವುದು ಇವತ್ತು ಜಾಸ್ತಿ ಬಳಕೆಯಲ್ಲಿದೆ ಅನ್ನುವುದಕ್ಕೂ ಆ ನಂಬರಿಗೂ ಸಂಬಂಧ ಇಲ್ಲ. ಇದನ್ನು ಅವರೇ ಮುನ್ನುಡಿಯಲ್ಲಿ ಬರೆದಿದ್ದಾರೆ. ಮುನ್ನುಡಿ ಯಾರು ಓದುತ್ತಾರೆ ಹೇಳಿ.

ಪದದ ಮೂಲದ ವಿಷಯದಲ್ಲಿ ಇದು ತುಂಬ ಅಚ್ಚುಕಟ್ಟು. ನಾಲ್ಕೈದು ಸಾಲಿನಲ್ಲಿ ಮುಗಿಸುತ್ತದೆ. ಅದನ್ನು ಓದುವಾಗ ಎರಡು ವಿಷಯ ಗೊತ್ತಿರಬೇಕು. ಫ್ರಮ್ ಅಂತ ಇದ್ದರೆ ಆ ಪದದಿಂದ ಇದು ಇಳಿದು ಬಂತು ಅಂತ. ಅಕಿನ್ ಟು ಅಂತ ಇದ್ದರೆ ಬರೀ ನೆಂಟಸ್ತನ, ಅದರಿಂದ ಇದು ಬಂದಿಲ್ಲ, ಎರಡಕ್ಕೂ ಮೂಲ ಒಂದೇ ಅಂತ ಅಷ್ಟೇ. ಸೀಳುವ ಕ್ಲೀವ್‌ಗೆ ಗ್ರೀಕಿನ ಕೆತ್ತುವ ಪದ ಅಕಿನ್ ಟು ಅಂತ ಬರುತ್ತದೆ. ಇದನ್ನು ಓದಿ ಕ್ಲೀವ್ ಗ್ರೀಕಿನಿಂದ ಬಂತು ಅಂತ ವಾಟ್ಸಾಪ್‌ನಲ್ಲಿ ಹಾಕುವವರಿದ್ದಾರೆ. ದಯವಿಟ್ಟು ಬೇಡ.

ಕಲಿಯುವವರ ಡಿಕ್ಷನರಿ

ಆಕ್ಸ್‌ಫರ್ಡ್ ಅಡ್ವಾನ್ಸ್ಡ್ ಲರ್ನರ್ಸ್, ಲಾಂಗ್‌ಮನ್, ಕೇಂಬ್ರಿಡ್ಜ್, ಇವೆಲ್ಲ ಇಂಗ್ಲಿಷ್ ಮಾತೃಭಾಷೆ ಅಲ್ಲದವರಿಗೆ ಮಾಡಿದ್ದು. ಆಕ್ಸ್‌ಫರ್ಡಿನದ್ದನ್ನು ಎ. ಎಸ್. ಹಾರ್ನ್‌ಬಿ ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಾ ಕಟ್ಟಿದರು, ಅಲ್ಲಿ 1942ರಲ್ಲಿ ಮೊದಲು ಅಚ್ಚಾಯಿತು. ಲಾಂಗ್‌ಮನ್ 1978ರಲ್ಲಿ ಬಂದಾಗ ಸುಮಾರು 2,000 ಸುಲಭ ಪದಗಳಲ್ಲೇ ಎಲ್ಲ ಅರ್ಥ ಬರೆಯುವ ಪಣ ತೊಟ್ಟಿತು. ಹೀಗಾಗಿ ಒಂದು ಪದದ ಅರ್ಥ ನೋಡಲು ಹೋಗಿ ಆ ಅರ್ಥದೊಳಗಿನ ಪದಕ್ಕೆ ಮತ್ತೆ ಡಿಕ್ಷನರಿ ತೆಗೆಯುವ ಗೋಳು ಕಮ್ಮಿ.

ಅಪರೂಪದ ಕ್ರಿಯಾಪದವನ್ನು ನೀವೇ ಬಳಸಿ ಬರೆಯಬೇಕು ಅಂತಿದ್ದರೆ ನನ್ನ ವೋಟು ಇವಕ್ಕೇ. ಯಾಕೆಂದರೆ ಪದಕ್ಕೆ ಅಂಟಿಸಿದ ಚೀಟಿಗಳನ್ನು ಇವು ಬಿಡದೆ ಕೊಡುತ್ತವೆ: ಇದು ಸಾಹಿತ್ಯದ ಭಾಷೆ, ಇದು ಹಳೆಯದು, ಇದು ಔಪಚಾರಿಕ, ಇದರ ಮುಂದೆ ಟು ಬರಲೇಬೇಕು. ಈ ಟು ಅನ್ನುವುದೇ ಕ್ಲೀವ್‌ನ ಬೀಗದ ಕೈ. ಪದ ಆದ ಕೂಡಲೇ ಟು ಅಥವಾ ಅಂಟು (unto) ಅನ್ನುವ ಹಳೆಯ ರೂಪ ಬಂದರೆ ಅಂಟಿಕೊಳ್ಳುವ ಕ್ಲೀವ್ (ಇಂಗ್ಲಿಷಿನ ಆ ಅಂಟುಗೂ ನಮ್ಮ ಅಂಟಿಗೂ ಸಂಬಂಧ ಇಲ್ಲ, ಆದರೆ ನೆನಪಿಟ್ಟುಕೊಳ್ಳಲು ಇದಕ್ಕಿಂತ ಒಳ್ಳೆಯದು ಸಿಗಲಿಕ್ಕಿಲ್ಲ). ನೇರವಾಗಿ ಕರ್ಮ ಬಂದರೆ, ಕಟ್ಟಿಗೆಯನ್ನೋ ಡಿಎನ್‌ಎಯನ್ನೋ ಅಂತ, ಸೀಳುವ ಕ್ಲೀವ್. ಹತ್ತರಲ್ಲಿ ಒಂಬತ್ತು ಸಲ ಇಷ್ಟರಲ್ಲೇ ಬಗೆಹರಿಯುತ್ತದೆ.

ಭೂತಕಾಲದ ರೂಪ ಯಾವುದು ಬರೆಯಲಿ ಅನ್ನುವುದಕ್ಕೂ ಇವೇ ವಾಸಿ. ವಿಜ್ಞಾನದಲ್ಲಿ ಬರೆಯುವವರು ಕಣ್ಣು ಮುಚ್ಚಿಕೊಂಡು ಕ್ಲೀವ್ಡ್ ಬರೆಯಿರಿ. ಇಕೋ ಆರ್ ಒನ್ ಕಿಣ್ವ ಡಿಎನ್‌ಎಯನ್ನು ಸೀಳಿತು ಅಂತ ಬರೆಯುವಾಗ ಕ್ಲೋವ್ ಅಂತ ಹಾಕಿದರೆ ಗೈಡ್ ನಗುತ್ತಾರೆ. ಕ್ಲೆಫ್ಟ್, ಕ್ಲೋವನ್ ಈಗ ಕೆಲವೇ ಜೋಡಿಗಳಲ್ಲಿ ಗಟ್ಟಿಯಾಗಿ ಉಳಿದಿವೆ. ಸೀಳುತುಟಿಗೆ ಕ್ಲೆಫ್ಟ್ ಲಿಪ್, ದನದ ಸೀಳುಗೊರಸಿಗೆ ಕ್ಲೋವನ್ ಹೂಫ್. ಇವನ್ನು ಅದಲು ಬದಲು ಮಾಡುವ ಹಾಗಿಲ್ಲ.

ಕೊರತೆ ಅಂದರೆ ಪದದ ಮೂಲ. ಆಕ್ಸ್‌ಫರ್ಡಿನ ಲರ್ನರ್ಸ್ ಮತ್ತು ಲಾಂಗ್‌ಮನ್ ವೆಬ್‌ಸೈಟುಗಳಲ್ಲಿ ಮೂಲದ ಒಂದೆರಡು ಸಾಲು ಸಿಗುತ್ತದೆ, ಅದಕ್ಕಿಂತ ಹೆಚ್ಚಿನ ಆಸೆ ಇಟ್ಟುಕೊಳ್ಳಬೇಡಿ. ತೀರಾ ಅಪರೂಪದ ಪದಗಳಾದರೆ ನಮೂದೇ ಇರುವುದಿಲ್ಲ.

ದೊಡ್ಡ ಆಕ್ಸ್‌ಫರ್ಡ್

ಒಇಡಿ ಅಂತ ಕರೆಯುವ ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಗೂ ಅಂಗಡಿಯಲ್ಲಿ ಸಿಗುವ ಆಕ್ಸ್‌ಫರ್ಡ್ ಡಿಕ್ಷನರಿಗೂ ಅಜಗಜಾಂತರ. 1857ರಲ್ಲಿ ಲಂಡನ್ನಿನ ಫಿಲಲಾಜಿಕಲ್ ಸೊಸೈಟಿಯಲ್ಲಿ ಯೋಚನೆ ಶುರು, 1884ರಲ್ಲಿ ಮೊದಲ ಕಂತು, 1928ರಲ್ಲಿ ಕೊನೆಯದ್ದು. ಸಂಪಾದಕ ಜೇಮ್ಸ್ ಮರ್ರಿ ಅಷ್ಟರಲ್ಲಿ ತೀರಿಕೊಂಡಿದ್ದರು. ಓದುಗರು ಪುಸ್ತಕಗಳಿಂದ ವಾಕ್ಯಗಳನ್ನು ಚೀಟಿಯಲ್ಲಿ ಬರೆದು ಅಂಚೆಯಲ್ಲಿ ಕಳಿಸುತ್ತಿದ್ದರು. ಹಾಗೆ ಸಾವಿರಾರು ಚೀಟಿ ಕಳಿಸಿದ ಡಾಕ್ಟರ್ ಮೈನರ್ ಅನ್ನುವವರು ಕೊಲೆ ಆರೋಪದ ಮೇಲೆ ಬ್ರಾಡ್‌ಮೂರ್ ಮಾನಸಿಕ ಆಸ್ಪತ್ರೆಯಲ್ಲಿದ್ದವರು. 1989ರ ಎರಡನೇ ಆವೃತ್ತಿ 20 ಸಂಪುಟ.

ಇದರಲ್ಲಿ ಪ್ರತಿ ಅರ್ಥಕ್ಕೂ ಇಸವಿ ಹಾಕಿದ ಉದಾಹರಣೆಗಳ ಸಾಲು ಇರುತ್ತದೆ, ಯಾವ ಕಾಲದಲ್ಲಿ ಯಾರು ಹೇಗೆ ಬಳಸಿದರು ಅಂತ. ಅಪರೂಪದ ಕ್ರಿಯಾಪದದ ಚರಿತ್ರೆ ಬೇಕು ಅಂದರೆ ಇದಕ್ಕೆ ಸಾಟಿ ಇಲ್ಲ. ಉದಾಹರಣೆಗೆ ನಮ್ಮ ಪ್ರಿಪೋನ್. ಇದನ್ನು ಭಾರತದವರೇ ಹುಟ್ಟಿಸಿದ್ದು ಅಂತ ನಾವು ಎದೆ ತಟ್ಟಿಕೊಳ್ಳುತ್ತೇವೆ. ಆದರೆ 16ನೇ ಶತಮಾನದಲ್ಲೇ ಮುಂದೆ ಇಡು ಅನ್ನುವ ಅರ್ಥದಲ್ಲಿ ಇಂಗ್ಲೆಂಡಿನಲ್ಲಿ ಇದು ಕಾಣಿಸಿದೆ. 1913ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಗೆ ಬರೆದ ಓದುಗರೊಬ್ಬರು ಪೋಸ್ಟ್‌ಪೋನ್‌ಗೆ ಎದುರಾಗಿ ಪ್ರಿಪೋನ್ ಅನ್ನುವ ಪದ ಬೇಕು ಅಂತ ಅದನ್ನು ಪ್ರಸ್ತಾಪ ಮಾಡಿದ್ದಾರೆ. ಅಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ, ನಾವು ಮೀಟಿಂಗ್‌ಗಳನ್ನೆಲ್ಲ ಪ್ರಿಪೋನ್ ಮಾಡಿ ಅದನ್ನು ಬದುಕಿಸಿದೆವು.

ಅಪಾಯ ಇರುವುದು ಮತ್ತೆ ಆ ಒಂದನೇ ನಂಬರಿನಲ್ಲೇ. ಇಲ್ಲಿಯೂ ಕಾಲದ ಕ್ರಮ. ಪ್ರಿವೆಂಟ್ ಅನ್ನುವ ಸಾಧಾರಣ ಪದ ತೆಗೆದರೂ ಮೊದಲು ಸಿಗುವುದು ಮುಂಚೆಯೇ ಹೋಗು, ಮುಂಚೆಯೇ ಮಾಡು ಅನ್ನುವ ಸತ್ತುಹೋದ ಅರ್ಥಗಳು, ಲ್ಯಾಟಿನ್ನಿನ ಮೂಲಕ್ಕೆ ಹತ್ತಿರವಾದವು. ತಡೆ ಅನ್ನುವುದು ತಲುಪಲು ಕೆಳಗೆ ಇಳಿಯಬೇಕು. ಪಿಯುಸಿ ಓದುವವರ ಕೈಗೆ ಇದನ್ನು ಕೊಟ್ಟರೆ ಉಪಕಾರಕ್ಕಿಂತ ಅಪಾಯವೇ ಜಾಸ್ತಿ.

ದುಡ್ಡು ಇನ್ನೊಂದು ತೊಂದರೆ. ವೆಬ್‌ಸೈಟಿಗೆ ವಾರ್ಷಿಕ ಚಂದಾ ಕಟ್ಟಬೇಕು. ಕಾಲೇಜು ಅಥವಾ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಲಾಗಿನ್ ಇದೆಯಾ ಅಂತ ಮೊದಲು ಕೇಳಿ. ವಿದೇಶದಲ್ಲಿರುವವರು ಊರಿನ ಸಾರ್ವಜನಿಕ ಗ್ರಂಥಾಲಯದ ಕಾರ್ಡಿನಲ್ಲಿ ಸಿಗುತ್ತದಾ ನೋಡಿ, ಬ್ರಿಟನ್ನಿನಲ್ಲಿ ಬಹಳ ಕಡೆ ಸಿಗುತ್ತದೆ. ಏನೂ ಇಲ್ಲದಿದ್ದರೆ ಮೊದಲ ಆವೃತ್ತಿಯ ಸಂಪುಟಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಸ್ಕ್ಯಾನ್ ಆಗಿ ಪುಕ್ಕಟೆ ಇವೆ. ಕ್ಲೀವ್ ಇರುವ ಸಿ ಅಕ್ಷರದ ಸಂಪುಟ 1893ರದ್ದು. ಡಿಎನ್‌ಎಯಂಥ ಹೊಸ ಪದಗಳು ಆ ಆವೃತ್ತಿಯಲ್ಲಿ ಇರುವುದಿಲ್ಲ, ಆದರೆ ಹಳೆಯ ಇಂಗ್ಲಿಷಿನ ಭಾಗ ಇವತ್ತಿಗೂ ಓದಲು ಯೋಗ್ಯ.

ಮೂಲ ಮಾತ್ರ ಬೇಕು ಅನ್ನುವವರಿಗೆ

ಎಟಿಮಾನ್‌ಲೈನ್ ಅನ್ನುವ ವೆಬ್‌ಸೈಟನ್ನು ಡಗ್ಲಸ್ ಹಾರ್ಪರ್ ಅನ್ನುವವರು 2000ರ ದಶಕದ ಆರಂಭದಿಂದ ನಡೆಸಿಕೊಂಡು ಬಂದಿದ್ದಾರೆ. ಉಚಿತ. ಓದಲು ಖುಷಿ ಕೊಡುವ ಹಾಗೆ ಬರೆದಿದೆ, ಒಂದು ಪದದಿಂದ ಇನ್ನೊಂದಕ್ಕೆ ಹಾರುತ್ತಾ ಗಂಟೆಗಟ್ಟಲೆ ಕೂತುಬಿಡಬಹುದು. ಕ್ಲೀವ್‌ನ ಎರಡೂ ನಮೂದು ಬೇರೆ ಬೇರೆ, ಯಾಕೆ ಕಲಸಿಹೋದವು ಅನ್ನುವುದನ್ನೂ ಹೇಳುತ್ತದೆ. ಇದು ಹೊಸ ಸಂಶೋಧನೆ ಅಲ್ಲ, ಇರುವ ದೊಡ್ಡ ನಿಘಂಟುಗಳನ್ನು ಓದಿ ಸಂಗ್ರಹ ಮಾಡಿದ್ದು. ಸಾಮಾನ್ಯ ಓದುಗರಿಗೆ ಧಾರಾಳ ಸಾಕು. ಥೀಸಿಸ್ ಬರೆಯುವವರು ಇದನ್ನು ಮೆಟ್ಟಿಲು ಮಾಡಿಕೊಂಡು ಒಇಡಿಗೆ ಹೋಗಲಿ.

2002ರಲ್ಲಿ ಶುರುವಾದ ವಿಕ್ಷನರಿಯನ್ನು ಯಾರು ಬೇಕಾದರೂ ತಿದ್ದಬಹುದು. ಅದರ ಬಲವೂ ಅದೇ, ದೌರ್ಬಲ್ಯವೂ ಅದೇ. ಡಚ್, ಜರ್ಮನ್, ಸ್ವೀಡಿಶ್ ಹೀಗೆ ನೆಂಟ ಪದಗಳ ಉದ್ದ ಪಟ್ಟಿ, ಎಲ್ಲ ಭೂತಕಾಲದ ರೂಪಗಳು, ಉಚ್ಚಾರದ ಆಡಿಯೋ ಒಂದೇ ಕಡೆ ಬೇಕು ಅಂದರೆ ಇಲ್ಲೇ. ಇಂಗ್ಲಿಷಿನಂಥ ದೊಡ್ಡ ಭಾಷೆಯ ಪುಟಗಳನ್ನು ಬಹಳ ಜನ ಕಾಯುತ್ತಿರುತ್ತಾರೆ, ತಪ್ಪು ತುಂಬ ದಿನ ಉಳಿಯುವುದಿಲ್ಲ. ಸಣ್ಣ ಭಾಷೆಗಳ ಪುಟಗಳ ಬಗ್ಗೆ ಅಷ್ಟು ಧೈರ್ಯ ಹೇಳಲಾರೆ.

ಈ ಎರಡರಲ್ಲೂ ಕೆಲವು ಮೂಲರೂಪಗಳ ಶುರುವಿನಲ್ಲೇ ಒಂದು ನಕ್ಷತ್ರ ಚಿಹ್ನೆ (*) ಇರುತ್ತದೆ. ಅದು ಸಿಂಗಾರಕ್ಕೆ ಅಲ್ಲ. ಈ ರೂಪ ಯಾವ ಶಾಸನದಲ್ಲೂ, ಯಾವ ಹಸ್ತಪ್ರತಿಯಲ್ಲೂ ಸಿಕ್ಕಿಲ್ಲ, ಮಕ್ಕಳ ಮುಖ ನೋಡಿ ಅಜ್ಜನ ಮುಖ ಊಹಿಸಿದ ಹಾಗೆ ಪಂಡಿತರು ಊಹಿಸಿದ್ದು ಅಂತ ಅದರ ಅರ್ಥ. ಊಹೆಗೆ ಗಟ್ಟಿ ನಿಯಮಗಳಿವೆ, ಆದರೂ ಅದು ಊಹೆಯೇ. ಇಂಥ ಮೂಲಗಳಲ್ಲೇ ಆಸಕ್ತಿ ಇದ್ದವರಿಗೆ ಅಮೆರಿಕನ್ ಹೆರಿಟೇಜ್ ಡಿಕ್ಷನರಿ ಹೇಳಿ ಮಾಡಿಸಿದ್ದು. ಕ್ಯಾಲ್ವರ್ಟ್ ವಾಟ್ಕಿನ್ಸ್ ಅನ್ನುವ ಭಾಷಾವಿಜ್ಞಾನಿ ಮಾಡಿದ ಇಂಡೋ-ಯುರೋಪಿಯನ್ ಬೇರುಗಳ ಪಟ್ಟಿ ಅದರ ಹಿಂಬದಿಯಲ್ಲಿದೆ, ಮೊದಲು ಬಂದಿದ್ದು 1969ರ ಆವೃತ್ತಿಯಲ್ಲಿ.

ಕನ್ನಡದಲ್ಲಿ ಅರ್ಥ ಬೇಕಾದರೆ

ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟು 1946ರಲ್ಲಿ ಬಂತು, ಆಮೇಲೆ ಪರಿಷ್ಕರಣೆಯೂ ಆಯಿತು. ಅನುವಾದ ಮಾಡುವವರ ಮೇಜಿನ ಮೇಲೆ ಇದು ಇರಲೇಬೇಕು ಅನ್ನುವುದು ನನ್ನ ಹಠ. ಕಾರಣ, ಇಂಗ್ಲಿಷ್ ಡಿಕ್ಷನರಿ ಎಷ್ಟೇ ದೊಡ್ಡದಿದ್ದರೂ ಅದು ಅರ್ಥ ವಿವರಿಸುತ್ತದೆ, ವಾಕ್ಯದಲ್ಲಿ ಕೂರಿಸಲು ಕನ್ನಡ ಪದ ಕೊಡುವುದಿಲ್ಲ. ಸೀಳು, ಹೋಳು ಮಾಡು, ಇಬ್ಭಾಗ ಮಾಡು, ಭೇದಿಸು ಇವೆಲ್ಲ ಸ್ಪ್ಲಿಟ್‌ನ ಸುತ್ತಲೇ ಇವೆ, ಆದರೆ ಎಲ್ಲ ಕಡೆ ಎಲ್ಲವೂ ಹೊಂದುವುದಿಲ್ಲ. ಕಟ್ಟಿಗೆ ಸೀಳುತ್ತೇವೆ, ತೆಂಗಿನಕಾಯಿ ಒಡೆಯುತ್ತೇವೆ, ಹಲಸಿನ ಹಣ್ಣು ಹೆಚ್ಚುತ್ತೇವೆ. ಎಳೆ ಹಿಡಿದು ಬೇರೆಯಾಗುವ ಕ್ಲೀವ್‌ಗೆ ಸೀಳು ಎಷ್ಟು ಚೆನ್ನಾಗಿ ಕೂರುತ್ತದೆ ನೋಡಿ. ಕೋವಿಡ್ ವೈರಸ್ಸಿನ ಫ್ಯೂರಿನ್ ಕ್ಲೀವೇಜ್ ಸೈಟ್ ಬಗ್ಗೆ ಬರೆಯುವಾಗ ಕತ್ತರಿಸುವ ಜಾಗ ಅಂತ ಬರೆಯುವುದಕ್ಕಿಂತ ಸೀಳುವ ಜಾಗ ಅಂತ ಬರೆದರೆ ಅಲ್ಲಿ ನಡೆಯುವ ಕೆಲಸಕ್ಕೆ ಹತ್ತಿರ. ಫ್ಯೂರಿನ್ ಅನ್ನುವ ಕಿಣ್ವ ಎಲ್ಲೆಂದರಲ್ಲಿ ಕತ್ತರಿ ಹಾಕುವುದಿಲ್ಲ, ತನಗೆ ಗುರುತಿರುವ ಒಂದು ಜಾಗದಲ್ಲೇ ಪ್ರೊಟೀನನ್ನು ಬಿಡಿಸುತ್ತದೆ.

ಕಿಟೆಲ್ಲರ 1894ರ ನಿಘಂಟು, ವಿ. ಕೃಷ್ಣ ಅವರು ದಶಕಗಳ ಕಾಲ ಕಟ್ಟಿದ, ಈಗ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುವ ಅಲರ್, ಇವೆರಡೂ ಕನ್ನಡದಿಂದ ಇಂಗ್ಲಿಷಿಗೆ. ಇಂಗ್ಲಿಷ್ ಕ್ರಿಯಾಪದ ಹುಡುಕಲು ನೇರವಾಗಿ ಉಪಯೋಗ ಇಲ್ಲ. ಆದರೆ ಒಂದು ಉಪಾಯ ಇದೆ. ನಿಮಗೆ ಹೊಳೆದ ಕನ್ನಡ ಪದವನ್ನು ಅಲರ್‌ನಲ್ಲಿ ಹಾಕಿ ವಾಪಸ್ ಬರುವ ಇಂಗ್ಲಿಷ್ ಅರ್ಥಗಳನ್ನು ನೋಡಿ. ಅದರಲ್ಲಿ ನಿಮ್ಮ ಪದದ ಹತ್ತಿರದ್ದು ಯಾವುದೂ ಇಲ್ಲದಿದ್ದರೆ ಆಯ್ಕೆ ತಪ್ಪಿದೆ. ಕಿಟೆಲ್ಲರ ಇಂಗ್ಲಿಷ್ 19ನೇ ಶತಮಾನದ್ದು, ಬರೆದವರು ಜರ್ಮನ್ ಪಾದ್ರಿ, ಆದ್ದರಿಂದ ಅರ್ಥದ ಜಾಗದಲ್ಲೇ ಇಂದಿನವರಿಗೆ ಅಪರೂಪವಾದ ಇಂಗ್ಲಿಷ್ ಕ್ರಿಯಾಪದಗಳು ಎದುರಾಗುತ್ತವೆ. ಅವನ್ನು ಮತ್ತೆ ಇಂಗ್ಲಿಷ್ ಡಿಕ್ಷನರಿಯಲ್ಲಿ ಹುಡುಕುವ ಕೆಲಸ ಹುಟ್ಟಿಕೊಳ್ಳುತ್ತದೆ. ಒಇಡಿ ತರ ಪ್ರಯೋಗಗಳ ಸಮೇತ ಕನ್ನಡ ಪದದ ಚರಿತ್ರೆ ಬೇಕಾದರೆ ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಇದ್ದೇ ಇದೆ.

ಒಂದೇ ಪುಸ್ತಕ ಕೊಳ್ಳುವುದಾದರೆ

ಅಪರೂಪದ ಪದಗಳ ಹುಚ್ಚು ಇದ್ದು, ಮನೆಯಲ್ಲಿ ಅಚ್ಚಿನ ಪುಸ್ತಕವೇ ಬೇಕು ಅನ್ನುವವರಿಗೆ ನಾನು ಹೇಳುವುದು ಚೇಂಬರ್ಸ್. ಒಂದೇ ಸಂಪುಟದಲ್ಲಿ ಹಳೆಯ, ಸ್ಕಾಟ್ಲೆಂಡಿನ, ಕವಿಗಳು ಮಾತ್ರ ಬಳಸಿದ ಪದಗಳನ್ನು ಇಷ್ಟು ತುಂಬಿಸಿದ್ದು ಬೇರೆ ಇಲ್ಲ ಅನ್ನಬಹುದು. ಪದಬಂಧ ಬಿಡಿಸುವ ಇಂಗ್ಲಿಷಿನವರು ಇದನ್ನು ಬಿಟ್ಟು ಕೂರುವುದಿಲ್ಲ. ಪದದ ಮೂಲ ಪ್ರತಿ ನಮೂದಿನ ಕೊನೆಯಲ್ಲಿ ಚೌಕ ಕಂಸದೊಳಗೆ ಇರುತ್ತದೆ, ಮೆರಿಯಮ್-ವೆಬ್‌ಸ್ಟರಿನಲ್ಲಾದರೆ ಶುರುವಿನಲ್ಲೇ. ಉದಾಹರಣೆ ವಾಕ್ಯಗಳು ಕಮ್ಮಿ, ಹಾಗಾಗಿ ಬಳಕೆ ಕಲಿಯಲು ಇದು ಬೇಡ.

ಹೊಸದು ಕೊಳ್ಳಲೇಬೇಕು ಅಂತೇನಿಲ್ಲ. ಬೆಂಗಳೂರಿನವರು ಅವೆನ್ಯೂ ರೋಡಿನ ಹಳೇ ಪುಸ್ತಕದ ಅಂಗಡಿಗಳಲ್ಲಿ ವಿಚಾರಿಸಿ, ಚೇಂಬರ್ಸ್ ಆಗಲಿ ಕಾಲೇಜಿಯೇಟ್ ಆಗಲಿ ಸಿಕ್ಕಿದರೆ ಚೌಕಾಸಿ ಮಾಡಿ ತೆಗೆದುಕೊಳ್ಳಿ. ಮೂವತ್ತು ವರ್ಷ ಹಳೆಯ ಆವೃತ್ತಿಯಲ್ಲಿ ಸೆಲ್ಫಿ, ಬ್ಲಾಗ್ ಸಿಗುವುದಿಲ್ಲ, ಆದರೆ ಸಾವಿರ ವರ್ಷ ಹಳೆಯ ಕ್ರಿಯಾಪದಕ್ಕೆ ಮೂವತ್ತು ವರ್ಷ ಯಾವ ಲೆಕ್ಕ. ಬೈಂಡಿಂಗ್ ಮಾತ್ರ ಗಟ್ಟಿ ಇದೆಯಾ, ಮುನ್ನುಡಿಯ ಪುಟಗಳು ಹರಿದುಹೋಗಿಲ್ಲ ತಾನೇ ಅಂತ ನೋಡಿಕೊಳ್ಳಿ. ಅರ್ಥಗಳನ್ನು ಯಾವ ಕ್ರಮದಲ್ಲಿ ಜೋಡಿಸಿದ್ದಾರೆ ಅಂತ ಬರೆದಿರುವುದು ಅಲ್ಲೇ.